ದಿವಾನಿಯಾದಲ್ಲಿ ಎತ್ತದ ಹೆಸರು

ಕುವೈತ್
೪ ಮಾರ್ಚ್ ೧೯೮೫

ಜರ್ರಾಹ್,

ನೀನು ಕಾಸಾಬ್ಲಾಂಕಾದ ನಮ್ಮ ಆಫೀಸಿಗೆ ಹೋಗಿ ಎರಡು ತಿಂಗಳೂ ಆಗಿಲ್ಲ. ಆಗಲೇ ನಿನ್ನ ಮೇಜಿನ ಮೇಲೆ ಹುಮೂದ್ ತನ್ನ ಮಾರಾಟ ವಿಭಾಗದ ಕ್ಯಾಲೆಂಡರುಗಳನ್ನೆಲ್ಲ ಪೇರಿಸಿಟ್ಟಿದ್ದಾನೆ. ನನ್ನ ಕೋಣೆಯಿಂದ ನೋಡಿದರೆ ಅವೇ ಕಾಣುತ್ತವೆ. ಕಂಪನಿಯ ಟಪಾಲು ಚೀಲ ವಾರಕ್ಕೊಮ್ಮೆ ನಿನ್ನ ಕಡೆ ಹೊರಡುತ್ತದಲ್ಲ, ಅದರಲ್ಲಿ ಸರಕಿನ ಕಾಗದಗಳ ಜೊತೆ ಇದನ್ನೂ ಹಾಕುತ್ತಿದ್ದೇನೆ. ಓದಿ ಹರಿದುಬಿಡು.

ಹೋದ ತಿಂಗಳು ನಾವೆಲ್ಲ ಕೂತು, ಮೇ ತಿಂಗಳಿಗೆ ಡೆನ್ಮಾರ್ಕಿನ ಕೋಳಿ ತರಿಸುವುದು ಎಂದು ತೀರ್ಮಾನ ಮಾಡಿದ್ದೆವು. ನಾನು ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಖಾಲಿ ಮಾಡಿಸಿ ಇಟ್ಟೆ. ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ಕೋಳಿ ಇಲ್ಲ, ಮೇ ತಿಂಗಳಿಗೆ ಕುರಿ ಮಾಂಸ ಬರುತ್ತದಂತೆ.

"ಇದು ಯಾವಾಗ ತೀರ್ಮಾನ ಆಯ್ತು?" ಎಂದು ಹುಮೂದನನ್ನು ಕೇಳಿದೆ.

"ತೀರ್ಮಾನ ಅಂತೇನಿಲ್ಲ ಧಾರಿಯ ಅಮ್ಮ, ನಿನ್ನೆ ಹಾಗೇ ಮಾತಾಡ್ತಾ ಮಾತಾಡ್ತಾ ಆಯ್ತು," ಎಂದ. ಮಗನ ಹೆಸರು ಹಿಡಿದು ಕರೆಯುತ್ತಾರೆಯೇ ಹೊರತು ನನ್ನ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ.

ನಿನ್ನೆ ಎಂದರೆ ಸೋಮವಾರ. ಸೋಮವಾರ ಸಂಜೆ ನಮ್ಮ ಯಜಮಾನರು ಬೂ ಸುಲೇಮಾನ್ ಮನೆಯ ದಿವಾನಿಯಾದಲ್ಲಿ, ಆ ಹರಟೆಯ ಕೋಣೆಯಲ್ಲಿ, ಗಂಡಸರೆಲ್ಲ ಕೂತು ಚಹಾ ಕುಡಿದು, ಇಸ್ಪೀಟು ಆಡಿ, ನಮ್ಮ ಕಂಪನಿಯನ್ನು ನಡೆಸುತ್ತಾರೆ. ಉಳಿದ ದಿನ ನಾವು ಆಫೀಸಿಗೆ ಬಂದು ನಡೆಸಿದಂತೆ ಮಾಡುತ್ತೇವೆ. ನೀನಿದ್ದಾಗ ಮಂಗಳವಾರ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು ಎಲ್ಲ ಹೇಳುತ್ತಿದ್ದೆ. ಯಾರು ಯಾರ ಪಕ್ಕ ಕೂತರು, ಯಾರು ಸಿಟ್ಟು ಮಾಡಿಕೊಂಡು ಎದ್ದರು, ಎಲ್ಲ. ಹನ್ನೊಂದು ವರ್ಷ ಅದು ನನಗೆ ಬರೀ ಹರಟೆ ಅಂತ ಕಾಣುತ್ತಿತ್ತು. ಈಗ ನೋಡಿದರೆ ನನ್ನ ಅರ್ಧ ಕೆಲಸ ಅದರಿಂದಲೇ ನಡೆಯುತ್ತಿತ್ತು.

ಇನ್ನೊಂದು ಸುದ್ದಿ. ನಮ್ಮ ಜನರಲ್ ಮ್ಯಾನೇಜರ್ ಬೂ ರಾಶಿದ್ ಬೇಸಿಗೆ ಮುಗಿದ ಮೇಲೆ ನಿವೃತ್ತರಾಗುತ್ತಾರಂತೆ. ಆ ಕುರ್ಚಿಗೆ ಯಾರು ಅಂತ ಎಲ್ಲರೂ ಪಿಸುಗುಡುತ್ತಿದ್ದಾರೆ. ಯಾರು ಕೂತರೂ ನನಗೇನು?

ಘನೀಮಾ


ಕಾಸಾಬ್ಲಾಂಕಾ
೨೬ ಮಾರ್ಚ್ ೧೯೮೫

ಘನೀಮಾ,

ನಿನ್ನ ಕಾಗದ ಓದಿ ನಗು ಬಂತು. ಕೋಳಿ ಹೋಗಿ ಕುರಿ ಬಂದದ್ದಕ್ಕೆ ಇಷ್ಟು ಬೇಜಾರೇ? ಹುಮೂದನನ್ನು ಕೇಳಬೇಡ. ಅವನು ನಾಲ್ಕು ಮಾತಲ್ಲಿ ಮೂರು ಸುಳ್ಳು ಹೇಳುತ್ತಾನೆ. ಲೆಕ್ಕದ ವಿಭಾಗದ ಮುದುಕ ಒಳ್ಳೆಯವನು, ಅವನಿಗೆ ಒಂದು ಡಬ್ಬಿ ಖರ್ಜೂರ ಕೊಡು, ಎಲ್ಲ ಹೇಳುತ್ತಾನೆ. ಇಲ್ಲದಿದ್ದರೆ ನಿನ್ನ ಅಣ್ಣ ಮಿಶಾರಿ ಪ್ರತಿ ಸೋಮವಾರ ಅಲ್ಲೇ ಕೂರುತ್ತಾನಲ್ಲ, ಅವನನ್ನೇ ಕೇಳು. ಗೆಳೆತನ, ಬಂಧುತ್ವ ಇರುವುದೇ ಒಬ್ಬರಿಗೊಬ್ಬರು ಕೆಲಸಕ್ಕೆ ಬರಲಿ ಅಂತ. ಅದರಲ್ಲಿ ನಾಚಿಕೆ ಏನು ಬಂತು?

ನಿನ್ನ ಫೋನಿನ ಗೆಳತಿಯರು ಹೇಗಿದ್ದಾರೆ? ಬೇರೆ ಬೇರೆ ಕಂಪನಿಯ ಹೆಂಗಸರು ಬೆಳಿಗ್ಗೆ ಹತ್ತು ಗಂಟೆಗೆ ಮಾತಿಗೆ ಕೂತರೆ ಊರಿನ ತಂತಿಯೆಲ್ಲ ಬಿಸಿಯಾಗುತ್ತದೆ ಎಂದು ನಾವು ಹೊರಗೆ ನಿಂತು ನಗುತ್ತಿದ್ದೆವು. ಯಾರ ಮಗಳಿಗೆ ಮದುವೆ, ಯಾರ ಸೊಸೆ ಬಸುರಿ, ಅದೇ ತಾನೆ?

ನಾನು ಇಲ್ಲಿ ಚೆನ್ನಾಗಿದ್ದೇನೆ. ಕಿತ್ತಳೆ ಚೆನ್ನಾಗಿದೆ, ಮೀನು ಚೆನ್ನಾಗಿದೆ, ಮಕ್ಕಳು ಫ್ರೆಂಚ್ ಕಲಿಯುತ್ತಿದ್ದಾರೆ. ಇಲ್ಲೇ ಹತ್ತು ವರ್ಷ ಇರು ಎಂದರೂ ಇರುತ್ತೇನೆ.

ಯಾರು ಕೂತರೂ ನನಗೇನು ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಸಮಾಧಾನವಾಯಿತು. ಆ ಜಗಳದಲ್ಲಿ ನೀನು ಸಿಕ್ಕಿಹಾಕಿಕೊಳ್ಳುವುದು ಬೇಡ. ಗಂಡಸರು ಹೊಡೆದಾಡಿಕೊಳ್ಳಲಿ.

ಜರ್ರಾಹ್


ಕುವೈತ್
೧೩ ಏಪ್ರಿಲ್ ೧೯೮೫

ಜರ್ರಾಹ್,

ಈ ಕಾಗದವನ್ನು ಮೂರು ಸಲ ಶುರು ಮಾಡಿ ಬಿಟ್ಟಿದ್ದೇನೆ. ಸುತ್ತಿಬಳಸಿ ಬರೆದರೆ ನಿನಗೆ ಅರ್ಥವಾಗುವುದಿಲ್ಲ ಎಂದು ಈಗ ಗೊತ್ತಾಯಿತು. ಅದಕ್ಕೆ ನೇರವಾಗಿ ಬರೆಯುತ್ತೇನೆ. ಆ ಕುರ್ಚಿ ನನಗೆ ಬೇಕು.

ಯಾರು ಕೂತರೂ ನನಗೇನು ಎಂದು ನಾನು ಬರೆದರೆ ನೀನು ನಂಬಿಬಿಡುತ್ತೀಯಾ? ನನ್ನ ಗೆಳತಿಯರಲ್ಲಿ ಯಾರಾದರೂ ಆ ಮಾತು ಓದಿದ್ದರೆ ತಕ್ಷಣ ಫೋನ್ ಮಾಡಿ, "ಏನಾಯ್ತೇ ನಿನಗೆ?" ಎಂದು ಕೇಳುತ್ತಿದ್ದರು. ನೀನೂ ಕೇಳುತ್ತೀಯ ಎಂದುಕೊಂಡಿದ್ದೆ. ಗೆಳೆಯನ ಹತ್ತಿರ ಸಹಾಯ ಕೇಳಿದರೆ ಆ ಗೆಳೆತನಕ್ಕೆ ಬೆಲೆ ಕಟ್ಟಿದಂತೆ ಎಂದು ನನಗೆ ಅನ್ನಿಸುತ್ತದೆ. ಕೇಳದಿದ್ದರೆ ಅವಳಿಗೆ ಬೇಡ ಎಂದು ನಿಮ್ಮಂಥ ಗಂಡಸರಿಗೆ ಅನ್ನಿಸುತ್ತದೆ. ಇರಲಿ, ಈಗ ಕೇಳುತ್ತಿದ್ದೇನೆ.

ಹೋದ ಆಗಸ್ಟ್ ನಿನಗೆ ನೆನಪಿದೆ. ಕೋಲ್ಡ್ ಸ್ಟೋರೇಜಿನ ಮಷೀನು ನಿಂತುಹೋಯಿತು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು, ಒಳಗೆ ತುಂಬಾ ಮೀನು, ಮಾಂಸ. ಬೂ ಸುಲೇಮಾನ್ ಲಂಡನ್ನಿನಲ್ಲಿದ್ದರು. ಬೂ ರಾಶಿದ್ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತರು. ಬೇರೆ ಕಂಪನಿಯವರಲ್ಲಿ ಜಾಗ ಕೇಳೋಣ ಎಂದರೆ ಹುಮೂದ್, "ಅವರ ಕಾಲು ಹಿಡಿಯೋದಾ? ಆಮೇಲೆ ಯಾವ ದಿವಾನಿಯಾದಲ್ಲಿ ಮುಖ ತೋರಿಸ್ಲಿ?" ಎಂದ. ನೀನೂ ಸುಮ್ಮನಿದ್ದೆ. ನಾನು ಬಾಗಿಲು ಹಾಕಿಕೊಂಡು ಮೂರು ಫೋನ್ ಮಾಡಿದೆ. ಮೂರೂ ನಮ್ಮ ಎದುರಾಳಿ ಕಂಪನಿಗಳಿಗೆ, ಮೂರೂ ಹೆಂಗಸರಿಗೆ. "ನಮ್ಮಲ್ಲಿ ಒಂದು ಕೋಣೆ ಖಾಲಿ ಇದೆ, ಲಾರಿ ಕಳಿಸು. ನಮ್ಮ ಯಜಮಾನ್ರಿಗೆ ಏನಾದ್ರೂ ಹೇಳ್ಕೋತೀನಿ," ಎಂದಳು ಮೊದಲನೆಯವಳು. ಉಳಿದವರೂ ಹಾಗೇ. ನೀನು ಲಾರಿ ಹೊಂದಿಸಿ ಕೊಟ್ಟೆ, ಅದನ್ನು ಮರೆತಿಲ್ಲ. ಸಂಜೆಯೊಳಗೆ ಎಲ್ಲ ಸರಕೂ ತಂಪಿನಲ್ಲಿತ್ತು.

ಯಾರ ಸೊಸೆ ಬಸುರಿ ಎಂದು ಮಾತಾಡಿದ್ದರಿಂದಲೇ ಅವತ್ತು ಆ ಬಾಗಿಲುಗಳು ತೆರೆದವು.

ಬೂ ಸುಲೇಮಾನ್ ಅವರಿಗೆ ನಷ್ಟವಾಗಲಿಲ್ಲ ಎಂದಷ್ಟೇ ಗೊತ್ತು. ಯಾರಿಂದ ಎಂದು ಗೊತ್ತಿಲ್ಲ. ನಾನಾಗಿ ಹೋಗಿ ಹೇಳಿದರೆ ಬಾಯಿಬಡುಕಿ ಎನ್ನುತ್ತಾರೆ. ನೀನು ಈದ್ ರಜಕ್ಕೆ ಬಂದಾಗ ಸೋಮವಾರ ಅಲ್ಲಿ ಕೂತು ನಡೆದದ್ದನ್ನು ಹೇಳು. ಹೊಗಳಬೇಡ. ನಡೆದದ್ದು ಹೇಳು, ಸಾಕು.

ಘನೀಮಾ


ಕಾಸಾಬ್ಲಾಂಕಾ
೫ ಮೇ ೧೯೮೫

ಘನೀಮಾ,

ಇಷ್ಟೇನಾ? ಮೊದಲೇ ಹೇಳಬಾರದಾ? ಹೇಳುತ್ತೇನೆ, ಚೆನ್ನಾಗಿ ಹೇಳುತ್ತೇನೆ. ಈದ್ ದಿನಗಳಲ್ಲಿ ದಿವಾನಿಯಾ ತುಂಬಿರುತ್ತದೆ, ಅದೇ ಸರಿಯಾದ ಹೊತ್ತು. ನೀನು ನಿಶ್ಚಿಂತೆಯಾಗಿ ಉಪವಾಸ ಮಾಡು.

ಇಲ್ಲಿ ಗಾಳಿ ಜಾಸ್ತಿ. ಚಿಕ್ಕ ಮಗನಿಗೆ ಕೆಮ್ಮು ಬಿಟ್ಟಿಲ್ಲ.

ಜರ್ರಾಹ್


ಕಾಸಾಬ್ಲಾಂಕಾ
೨೯ ಜೂನ್ ೧೯೮೫

ಘನೀಮಾ,

ನಿನ್ನೆ ಬಂದಿಳಿದೆ. ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ, ಮೊದಲು ನಿನಗೆ ಬರೆಯುತ್ತಿದ್ದೇನೆ. ಆಫೀಸಿಗೆ ಬಂದಾಗ ನಿನ್ನ ಕೋಣೆ ತುಂಬಾ ಜನರಿದ್ದರು, ಸಿಹಿ ಕೊಟ್ಟು ಹೊರಟೆ. ಅಲ್ಲಿ ಏನು ಮಾತಾಡಲು ಸಾಧ್ಯ?

ಕೆಲಸ ಆಯಿತು. ಎಷ್ಟು ಚೆನ್ನಾಗಿ ಆಯಿತೆಂದರೆ ನೀನಿದ್ದು ನೋಡಬೇಕಿತ್ತು. ಈದಿನ ಮೂರನೇ ಸಂಜೆ, ಕೂರಲು ಜಾಗವಿಲ್ಲ, ಕೆಲವರು ಹೊರಗೆ ಜಗಲಿಯ ಮೇಲೆ ಕೂತಿದ್ದರು. ಯಾರೋ ಬಿಸಿಲಿನ ಮಾತು ತೆಗೆದರು. ಅದೇ ಎಳೆ ಹಿಡಿದು ನಾನು ಶುರು ಮಾಡಿದೆ. "ಬಿಸಿಲು ಅಂದ್ರೆ ಹೋದ ಆಗಸ್ಟಿಂದು. ಬೂ ಸುಲೇಮಾನ್, ನೀವು ಊರಲ್ಲಿರಲಿಲ್ಲ. ಅವತ್ತು ನಮ್ಮಲ್ಲೊಬ್ಬರು ಏನು ಮಾಡಿದ್ರು ಗೊತ್ತಾ?" ಎಂದೆ. ಇಸ್ಪೀಟು ಆಡುವವರು ಎಲೆ ಕೆಳಗಿಟ್ಟರು. ಮಷೀನು ನಿಂತದ್ದು, ಎಲ್ಲರ ಕೈಕಾಲು ತಣ್ಣಗಾದದ್ದು, ಎದುರಾಳಿಗಳ ಬಾಗಿಲು ತೆರೆಸಿದ್ದು, ಒಂದನ್ನೂ ಬಿಡಲಿಲ್ಲ. ಬೂ ಸುಲೇಮಾನ್ ಜಪಮಾಲೆ ಎಣಿಸುವುದನ್ನೇ ನಿಲ್ಲಿಸಿದರು. "ಇಂಥವರನ್ನ ಇಟ್ಕೊಂಡು ನಾನು ಜನರಲ್ ಮ್ಯಾನೇಜರನ್ನ ಊರೆಲ್ಲ ಹುಡುಕ್ತಿದೀನಲ್ಲ!" ಎಂದರು. ಹುಮೂದನ ಮುಖ ನೋಡಬೇಕಿತ್ತು, ಹಾಲು ಒಡೆದ ಹಾಗಿತ್ತು. ನಿನ್ನ ಅಣ್ಣ ಮಿಶಾರಿ ಮೂಲೆಯಲ್ಲಿ ಕೂತು ಮೀಸೆಯೊಳಗೇ ನಗುತ್ತಿದ್ದ.

ಆಮೇಲೆ ಬೂ ಸುಲೇಮಾನ್ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಮಕ್ಕಳ ಬಗ್ಗೆ ಕೇಳಿದರು. ಬೇರೇನೂ ಇಲ್ಲ.

ಜರ್ರಾಹ್


ಕುವೈತ್
೧೦ ಜುಲೈ ೧೯೮೫

ಜರ್ರಾಹ್,

ನಿನ್ನ ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಹಾಲು ಒಡೆದ ಹಾಗೆ ಎಂಬ ಮಾತು ಬಂದಾಗ ಅಮ್ಮ ಮೊಣಕಾಲು ತಟ್ಟಿಕೊಂಡು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು. ನಿನ್ನ ಬಗ್ಗೆ ನನ್ನ ಮನಸ್ಸಿನಲ್ಲಿ ಕೆಲವು ಕೆಟ್ಟ ಮಾತು ಬಂದಿದ್ದವು, ಅವನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ.

ಇಲ್ಲಿ ಗಾಳಿ ಬದಲಾಗಿದೆ. ಹುಮೂದ್ ನನ್ನನ್ನು ಕಂಡರೆ ದಾರಿ ಬಿಡುತ್ತಾನೆ. ಬೂ ಸುಲೇಮಾನ್ ಮೊನ್ನೆ ಕಾರಿಡಾರಿನಲ್ಲಿ ಸಿಕ್ಕಿದರು. ನಿಂತು, "ಏನು ಮಗಳೇ, ಮಷೀನು ಈ ವರ್ಷ ಗಟ್ಟಿಯಾಗಿದೆಯಾ?" ಎಂದರು. ಹನ್ನೊಂದು ವರ್ಷದಲ್ಲಿ ಅವರು ನಿಂತು ನನ್ನನ್ನು ಮಾತಾಡಿಸಿದ್ದು ಇದೇ ಮೊದಲು. "ಗಟ್ಟಿಯಾಗಿದೆ," ಎಂದೆ. ತಲೆಯಾಡಿಸಿ ಹೋದರು. ಆ ತಲೆಯಾಡಿಸಿದ್ದಕ್ಕೆ ಏನರ್ಥ ಎಂದು ಇಡೀ ಸಂಜೆ ಯೋಚಿಸಿದೆ.

ಬೂ ರಾಶಿದ್ ಅವರ ಕೋಣೆಯಲ್ಲಿ ಕಿಟಕಿಗೆ ಅಡ್ಡವಾಗಿ ಒಂದು ಬೀರು ಇದೆಯಲ್ಲ, ಅದನ್ನು ಎತ್ತಿಸಿದರೆ ಬಂದರು ಕಾಣುತ್ತದೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ.

ನೀನು ಸರಿಯಾಗಿ ಏನು ಹೇಳಿದೆ ಎಂದು ಅಮ್ಮ ದಿನಾ ಕೇಳುತ್ತಾಳೆ. ಮಾತಿಗೆ ಮಾತು ಬರೆದು ಕಳಿಸು.

ಘನೀಮಾ


ಕುವೈತ್
೩೧ ಜುಲೈ ೧೯೮೫

ಜರ್ರಾಹ್,

ಎರಡು ಚೀಲ ಬಂದವು. ಎರಡರಲ್ಲೂ ಕಿತ್ತಳೆ ಸರಕಿನ ಕಾಗದ ಇತ್ತು, ನಿನ್ನ ಕಾಗದ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ನಿನ್ನೆ ಗೊತ್ತಾಯಿತು.

ಬೂ ಸುಲೇಮಾನ್ ತಂಗಿಯ ಮಗಳ ಮದುವೆಗೆ ಹೋಗಿದ್ದೆ. ಹೆಂಗಸರ ಕಡೆ ಅವರ ಸೊಸೆ ಲುಲ್ವಾ ನನ್ನ ಪಕ್ಕ ಬಂದು ಕೂತಳು.

"ನಿಮ್ಮ ಆಫೀಸಿಗೆ ಹೊಸ ಯಜಮಾನ್ರು ಬರ್ತಿದಾರಲ್ಲ, ಸಿಹಿ ಹಂಚಲ್ವಾ?" ಎಂದಳು.

ನನ್ನನ್ನೇ ಕೆಣಕುತ್ತಿದ್ದಾಳೆ ಎಂದುಕೊಂಡೆ. ನಾಚಿಕೆಯಿಂದ, "ಯಾರಂತೆ?" ಎಂದೆ.

"ಅಯ್ಯೋ, ನಿನಗೇ ಗೊತ್ತಿಲ್ವಾ? ಜರ್ರಾಹ್! ಮಾವ ಮನೇಲಿ ಅವನ ಕಥೆ ಹೇಳಿ ಹೇಳಿ ನಮಗೆ ಸಾಕಾಗಿದೆ. ಹೋದ ವರ್ಷ ಆ ಮೀನೆಲ್ಲ ಉಳಿಸಿದ್ದು ಅವನೇ ಅಂತೆ. ಊರಿನ ಎಲ್ಲ ಕಂಪನಿಯಲ್ಲೂ ಅವನಿಗೆ ಗೆಳೆಯರಿದಾರಂತೆ. ಆದ್ರೆ ನೋಡು, ದಿವಾನಿಯಾದಲ್ಲಿ ಕಥೆ ಹೇಳಿದ, ತನ್ನ ಹೆಸರು ಹೇಳ್ಲಿಲ್ಲ! 'ನಮ್ಮಲ್ಲೊಬ್ಬರು' ಅಂದನಂತೆ. 'ಯಾರಪ್ಪಾ ಅದು?' ಅಂತ ಕೇಳಿದ್ರೆ, 'ಹೆಸರು ಯಾಕೆ, ಗೊತ್ತಿದ್ದೋರಿಗೆ ಗೊತ್ತು' ಅಂತ ತಲೆ ತಗ್ಗಿಸಿದನಂತೆ. ಎಂಥಾ ವಿನಯ ಅಂತ ಮಾವನ ಕಣ್ಣಲ್ಲಿ ನೀರು."

ನಾನು ತಟ್ಟೆಯನ್ನು ಕೆಳಗಿಟ್ಟೆ. ಡೋಲು ಜೋರಾಗಿ ಬಾರಿಸುತ್ತಿದ್ದರು, ಒಳ್ಳೆಯದೇ ಆಯಿತು, ನನ್ನ ಬಾಯಿಂದ ಬಂದ ಮಾತು ಅವಳಿಗೆ ಕೇಳಿಸಲಿಲ್ಲ.

ಮನೆಗೆ ಬಂದು ಅಣ್ಣನನ್ನು ಹಿಡಿದು ಕೇಳಿದೆ. "ನೀನು ಅಲ್ಲೇ ಇದ್ದೆಯಲ್ಲ. ಅವನು ಹೇಳ್ತಿದ್ದದ್ದು ಯಾರ ವಿಷಯ ಅಂತ ನಿನಗೆ ಗೊತ್ತಾಗ್ಲಿಲ್ವಾ?"

"ಮೊದಲ ಮಾತಿಗೇ ಗೊತ್ತಾಯ್ತು. ಎಷ್ಟು ಹೆಮ್ಮೆ ಆಯ್ತು ಅಂತೀಯ!"

"ಮತ್ತೆ ಹೇಳ್ಬೇಕಿತ್ತಲ್ಲ, ಅದು ನನ್ನ ತಂಗಿ ಅಂತ."

"ಅಷ್ಟು ಜನ ಗಂಡಸರ ಮುಂದೆ ಮನೆ ಹೆಣ್ಣಿನ ಹೆಸರು ಎತ್ತೋದಾ? ತಲೆ ಸರಿ ಇದೆಯಾ ನಿಂಗೆ?" ಎಂದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ನನ್ನನ್ನು ಬಲ್ಲ ಇಬ್ಬರು ಗಂಡಸರು ಆ ಕೋಣೆಯಲ್ಲಿದ್ದಿರಿ. ಇಬ್ಬರೂ ನನಗೆ ಒಳ್ಳೆಯದನ್ನೇ ಬಯಸುವವರು. ಹುಮೂದ್ ಕೆಟ್ಟದ್ದು ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವರು ನಿನಗೆ ಆ ಕುರ್ಚಿ ಕೊಡುತ್ತೇನೆ ಎಂದದ್ದು ಯಾವಾಗ? ಮಕ್ಕಳ ಬಗ್ಗೆ ಕೇಳಿದಾಗಲೋ, ಅದಕ್ಕೆ ಮುಂಚೆಯೋ?

ಘನೀಮಾ


ಕಾಸಾಬ್ಲಾಂಕಾ
೧೪ ಆಗಸ್ಟ್ ೧೯೮೫

ಘನೀಮಾ,

ನಿನ್ನ ಸಿಟ್ಟು ನ್ಯಾಯವಾದದ್ದು. ಆದರೆ ನನ್ನ ಜಾಗದಲ್ಲಿ ಕೂತು ನೋಡು.

ನಾನು ನಿನ್ನ ಹೆಸರು ಹಿಡಿದು ಹೊಗಳಿದ್ದರೆ ಏನಾಗುತ್ತಿತ್ತು? ಮೊದಲು ಎಲ್ಲರೂ ನಿನ್ನ ಅಣ್ಣನ ಮುಖ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡುತ್ತಿದ್ದರು. ಇವನಿಗೆ ಅವಳ ಮೇಲೆ ಯಾಕಿಷ್ಟು ಅಕ್ಕರೆ ಎಂದು ಹುಮೂದ್ ಒಂದು ನಗು ನಕ್ಕಿದ್ದರೆ ಸಾಕಿತ್ತು. ನಿನ್ನ ಮರ್ಯಾದೆಗಾಗಿ ಹೆಸರು ಬಿಟ್ಟೆ. ಬೂ ಸುಲೇಮಾನ್ ಅರ್ಥ ಮಾಡಿಕೊಳ್ಳುತ್ತಾರೆ, ಮೂರು ದಿನದಲ್ಲಿ ವಿಚಾರಿಸಿ ನಿನ್ನನ್ನು ಕರೆಸುತ್ತಾರೆ ಎಂದುಕೊಂಡೆ. ಬೇರೆ ಕಂಪನಿಗಳಲ್ಲಿ ಅಷ್ಟು ಗೆಳೆತನ ಇರುವುದು ಒಬ್ಬ ಗಂಡಸಿಗೇ ಎಂದು ಅವರು ತಿಳಿದುಕೊಳ್ಳುತ್ತಾರೆ ಅಂತ ನನಗೇನು ಗೊತ್ತು?

ಅವರು ಕುರ್ಚಿಯ ಮಾತು ಕೊಟ್ಟದ್ದು ಪಕ್ಕಕ್ಕೆ ಕರೆದಾಗಲೇ. "ಆ ಒಬ್ಬರು ಯಾರು ಅಂತ ನನಗೆ ಗೊತ್ತಪ್ಪ," ಎಂದು ನನ್ನ ಕೈ ಹಿಡಿದುಕೊಂಡರು. ಅವರಿಗೆ ನಿಜ ಗೊತ್ತಾಗಿದೆ ಎಂದೇ ತಿಳಿದು ನಕ್ಕೆ. ಆಮೇಲೆ, "ಅಕ್ಟೋಬರಿಗೆ ವಾಪಸ್ ಬಾ. ಬೂ ರಾಶಿದ್ ಕುರ್ಚಿ ನಿನ್ನದು," ಎಂದರು. ಪಕ್ಕದಲ್ಲಿ ನಾಲ್ಕು ಜನ ಇದ್ದರು. ಚಹಾ ಬಂತು. ನಾನು ಏನೂ ಹೇಳಲಿಲ್ಲ. ನಮ್ಮಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂದು ನಿನಗೆ ಗೊತ್ತಿದೆ.

ಇನ್ನೊಂದು ವಿಷಯ. ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯುತ್ತಿದ್ದೆ, ಅದು ಸುಳ್ಳು. ಸೋಮವಾರ ಸಂಜೆ ಬಂದರೆ ನನಗೆ ಕೂರಲು ಒಂದು ಜಾಗ ಇಲ್ಲ, ನಿಂತು ಮಾತಾಡಲು ಒಬ್ಬ ಗೆಳೆಯ ಇಲ್ಲ. ಹೆಂಡತಿ ದಿನಾ ಅಳುತ್ತಾಳೆ. ಮಗನ ಕೆಮ್ಮು ನಿಂತಿಲ್ಲ.

ನಾನು ಒಂದು ವರ್ಷ ಕೂರುತ್ತೇನೆ, ನಿನಗಾಗಿ ಕುರ್ಚಿ ಕಾಯುತ್ತೇನೆ. ಆಮೇಲೆ ನಾನೇ ಹೇಳಿ ನಿನಗೆ ಕೊಡಿಸುತ್ತೇನೆ. ಹುಮೂದ್ ಬಂದು ಕೂರುವುದಕ್ಕಿಂತ ಇದು ಮೇಲಲ್ಲವೇ?

ಜರ್ರಾಹ್


ಕುವೈತ್
೨೪ ಆಗಸ್ಟ್ ೧೯೮೫

ಜರ್ರಾಹ್,

ನಿನ್ನ ಕಾಗದ ಬಂದ ಮರುದಿನ ನಾನು ಬೂ ಸುಲೇಮಾನ್ ಅವರ ಕೋಣೆಗೆ ಹೋದೆ. ಬಾಯಿಬಡುಕಿ ಎನ್ನಿಸಿಕೊಳ್ಳುವುದಕ್ಕೆ ಇನ್ನು ಹೆದರಿಕೆ ಇರಲಿಲ್ಲ. ಹೋದ ವರ್ಷದ ಆಗಸ್ಟಿನಲ್ಲಿ ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀನಾ ಮಗಳೇ? ನೀನಾ?" ಎಂದರು.

"ಹೌದು."

"ಅಲ್ಲಾಹನ ಆಣೆ, ನನಗೆ ಗೊತ್ತಿರ್ಲಿಲ್ಲ. ಆ ಮಿಶಾರಿ ಪಕ್ಕದಲ್ಲೇ ಕೂತಿದ್ನಲ್ಲ, ಒಂದು ಮಾತು ಆಡ್ಲಿಲ್ಲ!" ಆಮೇಲೆ, "ಈಗ ನಾನೇನು ಮಾಡ್ಲಿ ಹೇಳು. ನನ್ನ ಮನೇಲಿ ಕೂತು, ಅವನ ಕೈ ಹಿಡಿದು, ಜನರ ಮುಂದೆ ಮಾತು ಕೊಟ್ಟಿದೀನಿ. ಅದನ್ನ ಹೇಗೆ ವಾಪಸ್ ತಗೊಳ್ಳಲಿ? ಅವನೇ ಬೇಡ ಅಂದ್ರೆ ಬೇರೆ ಮಾತು," ಎಂದರು.

"ಅವನು ಬೇಡ ಅಂದ್ರೆ ನನಗೆ ಕೊಡ್ತೀರಾ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಿನಗೆ ಸೋಮವಾರ ಬರೋಕಾಗಲ್ವಲ್ಲ ಮಗಳೇ. ಅಲ್ಲಿ ಆಡೋ ಮಾತು ನಿನಗೆ ಹೇಗೆ ಗೊತ್ತಾಗುತ್ತೆ?"

"ಅದೇ ಮಾತನ್ನ ಮಂಗಳವಾರ ಬೆಳಿಗ್ಗೆ ಆಫೀಸಲ್ಲಿ ಆಡಿದ್ರೆ ಕೆಟ್ಟುಹೋಗುತ್ತಾ?"

ನಾನು ತಮಾಷೆ ಮಾಡಿದೆ ಎಂದುಕೊಂಡು ಅವರು ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ನನ್ನ ಮುಖ ನೋಡಿದರು. "ಅವನು ಬೇಡ ಅಂತ ಬರೀಲಿ. ಆಗ ನಾನು ನಿನ್ನ ಕೂರಿಸಿ ಮಾತಾಡ್ತೀನಿ. ಇದು ನಿನಗೆ ಕೊಡೋ ಮಾತು," ಎಂದರು. ಒಳ್ಳೆಯ ಮನುಷ್ಯ. ನನ್ನ ಸುತ್ತ ಬರೀ ಒಳ್ಳೆಯ ಮನುಷ್ಯರೇ ಇದ್ದಾರೆ.

ನನಗಾಗಿ ಕುರ್ಚಿ ಕಾಯುತ್ತೇನೆ ಎಂದೆಯಲ್ಲ, ಕಾಯುವವನು ಅದರ ಮೇಲೆ ಕೂರುವುದಿಲ್ಲ. ಒಂದು ವರ್ಷ ನೀನು ಕೂತರೆ, ಆ ಆಗಸ್ಟ್ ಶಾಶ್ವತವಾಗಿ ನಿನ್ನದಾಗುತ್ತದೆ. ಆಮೇಲೆ ನಾನು ಯಾವ ಮುಖ ಇಟ್ಟುಕೊಂಡು ಅದು ನನ್ನದು ಎನ್ನಲಿ?

ನನ್ನ ಮರ್ಯಾದೆ ಎಂದೆ. ನನ್ನ ಹೆಸರು ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಕೆತ್ತಿದೆ, ಬಂದರಿನ ಪ್ರತಿ ಚೀಟಿಯ ಮೇಲೂ ಇದೆ. ಹಮಾಲರೂ ಅದನ್ನು ಓದುತ್ತಾರೆ. ಕೆಲಸ ಮಾಡುವಾಗ ಹೋಗದ ಮರ್ಯಾದೆ, ಕೆಲಸವನ್ನು ಮೆಚ್ಚುವಾಗ ಮಾತ್ರ ಹೋಗುತ್ತದೆಯೇ?

ಅಲ್ಲಿ ನೀನು ಚೆನ್ನಾಗಿಲ್ಲ ಎಂದು ನನಗೆ ಗೊತ್ತಿತ್ತು. ನಿನ್ನ ಹೆಂಡತಿ ಮಾರ್ಚಿನಲ್ಲೇ ಫೋನ್ ಮಾಡಿ ಅತ್ತಿದ್ದಳು. ನೀನೇ ಹೇಳಲಿ ಎಂದು ಸುಮ್ಮನಿದ್ದೆ. ನಿನ್ನನ್ನು ವಾಪಸ್ ಕರೆಸಿ ಎಂದು ನಾನೇ ಬೂ ಸುಲೇಮಾನರ ಕೋಣೆಗೆ ಹೋದ ದಿನವೇ ಅವರಿಗೆ ಹೇಳಿದ್ದೇನೆ, ನಿನ್ನ ಹಳೆಯ ಕೆಲಸಕ್ಕೆ. ಒಪ್ಪಿದ್ದಾರೆ. ನೀನು ಊರಿಗೆ ಬರಲು ನನ್ನ ಕುರ್ಚಿ ಬೇಕಾಗಿಲ್ಲ.

ನಿನ್ನಿಂದ ಬೇಕಾಗಿರುವುದು ಒಂದೇ ಸಾಲು. "ಆ ಕೆಲಸ ಮಾಡಿದ್ದು ಘನೀಮಾ, ನಾನಲ್ಲ" ಎಂದು ಅವರಿಗೆ ಬರೆ.

ಘನೀಮಾ


ಕಾಸಾಬ್ಲಾಂಕಾ
೭ ಸೆಪ್ಟೆಂಬರ್ ೧೯೮೫

ಘನೀಮಾ,

ಬರೆದೆ. ಹರಿದೆ. ಮತ್ತೆ ಬರೆದೆ. ಆ ಸಾಲು ಸುಲಭ, ಅದರ ಮುಂದಿನದು ಕಷ್ಟ. ಎರಡು ತಿಂಗಳು ಯಾಕೆ ಸುಮ್ಮನಿದ್ದೆ ಎಂದು ಅವರು ಕೇಳಿದರೆ ಏನು ಬರೆಯಲಿ? ಅಷ್ಟು ಜನರ ಮುಂದೆ ನಾನು ಇನ್ನೊಬ್ಬರ ಕೆಲಸ ಕದ್ದವನಾಗುತ್ತೇನೆ. ಮತ್ತೆ ಯಾವ ದಿವಾನಿಯಾದ ಹೊಸ್ತಿಲು ತುಳಿಯಲಿ? ನೀನು ಅಲ್ಲಿಗೆ ಹೋಗುವುದೇ ಇಲ್ಲ, ಅದಕ್ಕೆ ಅದರ ಬೆಲೆ ನಿನಗೆ ಗೊತ್ತಿಲ್ಲ.

ನನ್ನ ಹೆಂಡತಿ ಸಾಮಾನು ಕಟ್ಟಿಯಾಗಿದೆ. ಮಕ್ಕಳಿಗೆ ಕುವೈತಿನ ಶಾಲೆಯಲ್ಲಿ ಸೀಟು ಆಗಿದೆ. ಸೆಪ್ಟೆಂಬರ್ ಕೊನೆಗೆ ಹೊರಡುತ್ತೇವೆ. ನಿನಗೆ ಸಂಬಳ ಹೆಚ್ಚು ಮಾಡಿಸುವುದು ನನ್ನ ಮೊದಲ ಕೆಲಸ, ನೋಡುತ್ತಿರು. ನಿನ್ನನ್ನು ಕೇಳದೆ ಒಂದು ಹುಲ್ಲುಕಡ್ಡಿಯನ್ನೂ ಅಲ್ಲಾಡಿಸುವುದಿಲ್ಲ. ಕುರ್ಚಿ ನನ್ನದಾದರೂ ಮಾತು ನಿನ್ನದೇ.

ಒಂದು ಸಣ್ಣ ಸಹಾಯ ಬೇಕು. ಬೂ ಸುಲೇಮಾನ್ ಫೋನ್ ಮಾಡಿದ್ದರು. ನೀನು ಅವರನ್ನು ನೋಡಿದ್ದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಮೂರು ಕಂಪನಿಗಳ ಜೊತೆ ಒಂದು ಶಾಶ್ವತ ಒಪ್ಪಂದ ಮಾಡಿಕೋ, ಕಷ್ಟ ಕಾಲಕ್ಕೆ ಅವರ ಜಾಗ ನಮಗೆ, ನಮ್ಮ ಜಾಗ ಅವರಿಗೆ, ಅಲ್ಲಿ ನಿನಗೆ ಗೆಳೆಯರಿದ್ದಾರಲ್ಲ ಎಂದು ಏನೂ ಗೊತ್ತಿಲ್ಲದವರ ಹಾಗೆ ಹೇಳಿದರು. ನಾನು ಬಂದ ತಕ್ಷಣ ಶುರು ಮಾಡಬೇಕು. ಅವತ್ತು ನೀನು ಫೋನ್ ಮಾಡಿದ ಆ ಮೂವರು ಹೆಂಗಸರು ಯಾರು? ಹೆಸರು, ಫೋನ್ ನಂಬರು ಬರೆದು ಕಳಿಸು. ನಿನ್ನ ಹೆಸರು ಹೇಳಿಯೇ ಮಾತಾಡುತ್ತೇನೆ.

ಜರ್ರಾಹ್


ಕುವೈತ್
೧೫ ಸೆಪ್ಟೆಂಬರ್ ೧೯೮೫

ಮಾನ್ಯ ಜನರಲ್ ಮ್ಯಾನೇಜರ್ ಅವರಿಗೆ,

ತಾವು ಅಕ್ಟೋಬರಿನಲ್ಲಿ ಅಧಿಕಾರ ವಹಿಸಿಕೊಳ್ಳುತ್ತೀರಿ ಎಂಬ ಸುತ್ತೋಲೆ ನಿನ್ನೆ ಬಂತು. ಓದಿದ್ದಕ್ಕೆ ನಾನೂ ಸಹಿ ಹಾಕಿದೆ. ಬೂ ಸುಲೇಮಾನ್ ಅವರನ್ನು ಮತ್ತೆ ನೋಡಿದೆ. "ಅವನು ಬರೀಲಿಲ್ಲವಲ್ಲ ಮಗಳೇ," ಎಂದು ಕೈ ಚೆಲ್ಲಿದರು.

ಕೋಲ್ಡ್ ಸ್ಟೋರೇಜಿನ ಎರಡನೇ ಮಷೀನಿನ ಶಬ್ದ ಸರಿಯಿಲ್ಲ. ರಿಪೇರಿಯವರು ಬಂದು ನೋಡಿದ್ದಾರೆ. ಹೊಸ ಭಾಗ ಜರ್ಮನಿಯಿಂದ ಬರಬೇಕು, ಯಾವಾಗ ಬರುತ್ತದೆ ಎಂದು ಅವರಿಗೂ ಗೊತ್ತಿಲ್ಲ. ಬಿಸಿಲು ಇನ್ನೂ ಇಳಿದಿಲ್ಲ. ತಾವು ಬರುವ ಮುಂಚೆ ಇದು ತಮಗೆ ತಿಳಿದಿರಲಿ.

ತಾವು ಕೇಳಿದ ಮೂವರ ವಿಷಯ. ಅವರಲ್ಲಿ ಇಬ್ಬರನ್ನು ನಾನು ಕೇಳಿದೆ, ನಮ್ಮ ಹೊಸ ಮ್ಯಾನೇಜರ್ ನಿಮ್ಮ ಜೊತೆ ಮಾತಾಡಬೇಕಂತೆ ಎಂದು. "ನಿನ್ನ ಮೀನು ಅಂತ ಜಾಗ ಕೊಟ್ಟೆ ಕಣೇ, ನಿಮ್ಮ ಕಂಪನಿ ಮೀನು ಅಂತಲ್ಲ," ಎಂದಳು ಒಬ್ಬಳು. ಇನ್ನೊಬ್ಬಳು ನಕ್ಕು ಫೋನ್ ಇಟ್ಟಳು. ಮೂರನೆಯವಳನ್ನು ಕೇಳಲು ನನಗೇ ಮನಸ್ಸು ಬರಲಿಲ್ಲ.

ಆದ್ದರಿಂದ ಹೆಸರುಗಳನ್ನು ಕಳಿಸುತ್ತಿಲ್ಲ, ಕ್ಷಮಿಸಬೇಕು. ಅವರೆಲ್ಲ ಒಳ್ಳೆಯ ಮನೆತನದ ಹೆಂಗಸರು. ಅವರ ಹೆಸರನ್ನು ಗಂಡಸರ ನಡುವೆ ಎತ್ತುವ ಹಾಗಿಲ್ಲ. ಅವರ ಮರ್ಯಾದೆಯನ್ನು ನಾನು ನೋಡಿಕೊಳ್ಳಬೇಕಲ್ಲ.

ಮಷೀನು ನಿಂತರೆ ಸರಕು ಕೊಳೆಯಲು ಬಿಡುತ್ತೇನೆ ಎಂದು ಇದರ ಅರ್ಥವಲ್ಲ. ಆ ದಿನ ನಾನೇ ಫೋನ್ ಮಾಡುತ್ತೇನೆ. ಆದರೆ ನಾನಾಗಿ ಮಾಡುವುದಿಲ್ಲ. ತಾವು ತಮ್ಮ ಕೋಣೆಯಿಂದ ಹೊರಗೆ ಬರಬೇಕು. ಹುಮೂದ್, ಲೆಕ್ಕದವರು, ಟೈಪಿಸ್ಟುಗಳು, ಲಾರಿಯವರು ಎಲ್ಲರೂ ಇರುವ ಕಡೆ ನಿಂತು ನನ್ನನ್ನು ಕೇಳಬೇಕು. ಧಾರಿಯ ಅಮ್ಮ ಎಂದಲ್ಲ, ನಮ್ಮಲ್ಲೊಬ್ಬರು ಎಂದಲ್ಲ. ಈ ಕಾಗದದ ಕೆಳಗಿರುವ ಹೆಸರು ಎಲ್ಲರಿಗೂ ಕೇಳಿಸುವ ಹಾಗೆ ತಮ್ಮ ಬಾಯಿಂದ ಬಂದ ಮೇಲೆಯೇ ನಾನು ಫೋನ್ ಎತ್ತುವುದು.

ಸಂಬಳದ ವಿಷಯ ತಾವು ತಲೆ ಕೆಡಿಸಿಕೊಳ್ಳುವುದು ಬೇಡ. ಬೇಕಾದಾಗ ನಾನೇ ಕೇಳುತ್ತೇನೆ. ಈಗ ಕೇಳಲು ಕಲಿತಿದ್ದೇನೆ.

ಇದು ಸ್ವಂತ ಕಾಗದಗಳಲ್ಲಿ ಕೊನೆಯದು. ಇನ್ನು ಚೀಲದಲ್ಲಿ ಸರಕಿನ ಕಾಗದಗಳಷ್ಟೇ ಬರುತ್ತವೆ. ಹನ್ನೊಂದು ವರ್ಷದಲ್ಲಿ ಆಫೀಸಿನಲ್ಲಿ ನನಗೆ ಇದ್ದದ್ದು ಒಬ್ಬನೇ ಗೆಳೆಯ. ಅವನು ಇರುವ ಊರಿಗೆ ಬರೆಯುತ್ತಾ ಇದ್ದೆ. ಮುಂದಿನ ತಿಂಗಳು ಆ ಊರಿನಿಂದ ಜನರಲ್ ಮ್ಯಾನೇಜರ್ ಬರುತ್ತಾರೆ. ಅವನಿಗೆ ಇನ್ನು ಯಾವ ವಿಳಾಸಕ್ಕೆ ಬರೆಯಬೇಕೋ ನನಗೆ ಗೊತ್ತಿಲ್ಲ.

ಇಂತಿ,
ಘನೀಮಾ ಬಿಂತ್ ಮುಸಾಯಿದ್ ಅಲ್-ಹಂದಾನ್
ಮ್ಯಾನೇಜರ್, ಕೋಲ್ಡ್ ಸ್ಟೋರೇಜ್ ಮತ್ತು ಬಂದರು ವಿಭಾಗ